ಬಾಳಿಕೆ ಬಂದ ಲೇಸರ್

ಸಾಮಾನು ಕೆಟ್ಟುಹೋಯಿತೆಂದು ಗೋಳಾಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಅಯ್ಯೋ, ಕೆಡುತ್ತಲೇ ಇಲ್ಲವಲ್ಲ ಎಂದು ಗೋಳಾಡುವವನನ್ನು ನೋಡಿದ್ದೀರಾ? ನೋಡಬೇಕೆನಿಸಿದರೆ ನಮ್ಮ ಅಂಗಡಿಗೆ ಬನ್ನಿ. ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಯ ಪಕ್ಕ, ಆಳೆತ್ತರದ ಕನ್ನಡಕದ ಬೋರ್ಡು ನೇತುಹಾಕಿರುವ ಅಂಗಡಿ. (ಬೋರ್ಡಿನ ಎಡಗಣ್ಣಿನಲ್ಲಿ ಪಾರಿವಾಳ ಗೂಡು ಕಟ್ಟಿದೆ. ಬಿಡಿಸಲು ಮನಸ್ಸು ಬಂದಿಲ್ಲ.) ಕೆಳಗೆ ಅಂಗಡಿ, ಮೇಲೆ ಮನೆ. ನಾನು ಕನ್ನಡಕ ಮಾಡುವವನು. ಮೂವತ್ತು ವರ್ಷದಿಂದ ಗಾಜು ಉಜ್ಜಿ, ಬೆಳಕನ್ನು ಅತ್ತಿತ್ತ ಬಗ್ಗಿಸಿ ಹೊಟ್ಟೆ ಹೊರೆದುಕೊಂಡು ಬಂದಿದ್ದೇನೆ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಆಟದ ಟೀಚರ್. ಆರುನೂರು ಮಕ್ಕಳನ್ನು ಒಂದೇ ಸೀಟಿಯಲ್ಲಿ ನಿಲ್ಲಿಸುವವಳಿಗೆ ಒಬ್ಬ ಗಂಡ ಯಾವ ಲೆಕ್ಕ? ಮನೆಯಲ್ಲಿ ಅವಳು ಸೀಟಿ ಊದುವುದಿಲ್ಲ, ಅದು ನಿಜ. ಆದರೆ ಅವಳು ಗಂಟಲು ಸರಿಮಾಡಿಕೊಂಡರೆ ಸಾಕು, ನನ್ನ ಎರಡೂ ಕಾಲುಗಳು ತಾವಾಗಿಯೇ ಜೋಡಿಸಿಕೊಂಡು ನಿಲ್ಲುತ್ತವೆ.

ನಮಗೆ ಒಬ್ಬಳೇ ಮಗಳು. ಐದು ತಿಂಗಳ ಹಿಂದೆ ಅವಳಿಗೆ ಒಂದು ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ರೈಲಿನಲ್ಲಿ ಹನ್ನೊಂದು ಗಂಟೆಯ ದೂರ. ಕೆಲಸ ಏನಪ್ಪಾ ಅಂದರೆ ಕಾಗದ ಹರಿಯುವುದು. ಒಂದು ಯಂತ್ರಕ್ಕೆ ಹಾಳೆ ಸಿಕ್ಕಿಸಿ, ಎಷ್ಟು ಎಳೆದರೆ ಹರಿಯುತ್ತದೆ ಎಂದು ನೋಡಿ ಬರೆದಿಡುವುದು. (ಎರಡನೇ ಕ್ಲಾಸಿನಲ್ಲಿದ್ದಾಗ ಇದೇ ಕೆಲಸಕ್ಕೆ ಅವರಮ್ಮ ಬೆನ್ನಿಗೆ ಎರಡು ಬಾರಿಸಿದ್ದಳು. ಪ್ರತಿಭೆಯನ್ನು ನಾವು ಸಕಾಲದಲ್ಲಿ ಗುರುತಿಸಲಿಲ್ಲ.) ಹೋಗುವಾಗ ಸಣ್ಣ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದಳು. ಹಳೆಯ ಕಂಪ್ಯೂಟರ್ ಅವಳ ಕೋಣೆಯಲ್ಲೇ ಉಳಿಯಿತು. ನಾವೂ ಉಳಿದೆವು.

ದಿನಾ ಸಂಜೆ ಆರೂವರೆಗೆ ಅವಳ ಕೆಲಸ ಮುಗಿಯುತ್ತದೆ. ಆರೂವರೆಗೆ ಒಂದು ನಿಮಿಷ ಇರುವಾಗಲೇ ನಾನು ಗಿರಾಕಿಯನ್ನು ಅಕ್ಷರದ ಪಟ್ಟಿಯ ಮುಂದೆ ಕೂರಿಸಿ, “ಮೇಲಿನಿಂದ ಓದ್ತಾ ಇರಿ, ಬಂದೆ” ಎಂದು ಮೆಟ್ಟಿಲು ಹತ್ತಿ ಓಡುತ್ತೇನೆ. ಇಷ್ಟೆಲ್ಲ ಓಡಿ ಆಡುವ ಮಾತು ಇದು:

“ಊಟ ಆಯ್ತೇನಮ್ಮಾ?”

“ಇನ್ನೂ ಆರೂವರೆ ಅಪ್ಪಾ.”

“ಹ್ಞಾ, ಹೌದಲ್ಲ. ಹೇಗಿದೀಯಾ?”

“ಚೆನ್ನಾಗಿದೀನಿ. ನೀವು?”

“ನಾವೂ ಚೆನ್ನಾಗಿದೀವಿ.”

“ಸರಿ ಹಾಗಾದ್ರೆ. ಇಡ್ಲಾ?”

“ಇಡಮ್ಮಾ.”

ಮೂವತ್ತೆಂಟು ಸೆಕೆಂಡು. ಫೋನೇ ತೋರಿಸುತ್ತದೆ, ಹೊಟ್ಟೆ ಉರಿಸಲೆಂದೇ. ಆಮೇಲೆ ಅವಳಮ್ಮ ಫೋನು ಕಿತ್ತುಕೊಳ್ಳುವಷ್ಟರಲ್ಲಿ ಕಟ್ ಆಗಿರುತ್ತದೆ, ಅದಕ್ಕೂ ನನ್ನನ್ನೇ ಬಯ್ಯುತ್ತಾಳೆ. ಮನೆಯಲ್ಲಿದ್ದಾಗ ಹುಡುಗಿಯ ಬಾಯಿಗೆ ಬೀಗವೇ ಇರಲಿಲ್ಲ. ಹಲ್ಲುಜ್ಜುವಾಗಲೂ ನೊರೆ ತುಂಬಿದ ಬಾಯಲ್ಲೇ ಕಥೆ ಹೇಳುತ್ತಿದ್ದಳು. “ಉಗಿದು ಮಾತಾಡೇ ಮಾರಾಯ್ತಿ” ಎಂದು ಎಷ್ಟು ಸಲ ಗದರಿದ್ದೇನೋ. ಈಗ ಆ ಬಚ್ಚಲಿನ ಮುಂದೆ ಹೋಗಿ ಒಂದೊಂದು ಸಲ ಸುಮ್ಮನೆ ನಿಲ್ಲುತ್ತೇನೆ. ಕೇಳಿದರೆ ನಲ್ಲಿ ಸೋರುತ್ತಿದೆಯಾ ನೋಡ್ತಿದೀನಿ ಅನ್ನುತ್ತೇನೆ.

ಒಂದು ಭಾನುವಾರ ಬೆಳಿಗ್ಗೆ, ‘ದಯವಿಟ್ಟು ಕನ್ನಡಿಯನ್ನು ಮುಟ್ಟಬೇಡಿ’ ಎಂದು ಅಂಗಡಿಗೊಂದು ಚೀಟಿ ಟೈಪು ಮಾಡಲು ಅವಳ ಕಂಪ್ಯೂಟರ್ ಹಾಕಿದೆ. ಹುಡುಕುತ್ತ ಹುಡುಕುತ್ತ ಏನನ್ನೋ ಒತ್ತಿದೆ. ಕಪ್ಪು ಪರದೆಯೊಂದು ತೆರೆದುಕೊಂಡಿತು. ಅವಳು ರಜೆಯಲ್ಲೆಲ್ಲ ಆಡುತ್ತ ಕೂರುತ್ತಿದ್ದ ಆಟ. ಕೆಳಗೆ ಸಾಲಾಗಿ ಸಾಮಾನು: ಮರಳು, ನೀರು, ಮರ, ಕಬ್ಬಿಣ, ಗಾಜು, ಮಂಜುಗಡ್ಡೆ, ವಜ್ರ, ಬೆಂಕಿ, ಬೆಳಕು. ಬೇಕಾದ್ದನ್ನು ಆರಿಸಿ ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಸುರಿಯಬೇಕು. ಸುರಿದದ್ದು ನಿಜವಾದ ಲೋಕದಲ್ಲಿ ಹೇಗೆ ನಡೆದುಕೊಳ್ಳುತ್ತದೋ ಹೆಚ್ಚುಕಡಿಮೆ ಹಾಗೇ ನಡೆದುಕೊಳ್ಳುತ್ತದೆ. ನೀರು ಹರಿಯುತ್ತದೆ, ಮರ ಉರಿಯುತ್ತದೆ, ಕಬ್ಬಿಣ ಕಾದು ಕರಗುತ್ತದೆ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಸುಮ್ಮನೆ ಏನಾದರೂ ಕಟ್ಟುವುದು, ಆಮೇಲೆ ಅದು ಏನಾಗುತ್ತದೆಂದು ನೋಡುವುದು.

ಅವಳು ಕಟ್ಟಿ ಅರ್ಧಕ್ಕೆ ಬಿಟ್ಟಿದ್ದ ಒಂದು ಫೈಲು ಕಣ್ಣಿಗೆ ಬಿತ್ತು. ಹೆಸರು ‘ಲೇಸರ್, ಬಾಳಿಕೆ ಬರೋದು, ಇನ್ನೂ ಆಗಿಲ್ಲ’. ತೆರೆದು ಓಡಿಸಿದೆ. ಎರಡು ಗೋಡೆಗಳ ನಡುವೆ ಬೆಳಕಿನ ಕಾಳುಗಳು ಪಟಪಟನೆ ಪುಟಿದವು. ಒಂದು ಸಣ್ಣ ಕಿಂಡಿಯಿಂದ ಹಸಿರು ಗೆರೆಯೊಂದು ಬಾಣದ ಹಾಗೆ ಹೊರಗೆ ಬಂತು. ಆಹಾ, ಏನು ಚೆಂದ! ಸರಿಯಾಗಿ ನಾಲ್ಕು ಸೆಕೆಂಡು. ಆಮೇಲೆ ಗೋಡೆ ಕೆಂಪಗಾಯಿತು, ಕರಗಿತು, ಧಗಧಗ ಹತ್ತಿಕೊಂಡಿತು. ಮಗಳು ಕಷ್ಟಪಟ್ಟು ಕಟ್ಟಿದ್ದನ್ನು ಸುಟ್ಟುಬಿಟ್ಟೆನಲ್ಲ ಎಂದು ಕೂಡಲೇ ಫೋನು ಮಾಡಿದೆ.

“ಮಗಳೇ, ನಿನ್ನ ಕಂಪ್ಯೂಟರಿಗೆ ಬೆಂಕಿ ಬಿದ್ದಿದೆ!”

“ಅಯ್ಯೋ! ಮೇನ್ ಆಫ್ ಮಾಡಿ ಅಪ್ಪಾ! ಅಮ್ಮ ಎಲ್ಲಿ?”

“ಹೊರಗಡೆ ಅಲ್ಲಮ್ಮಾ, ಒಳಗಡೆ! ನಿನ್ನ ಲೇಸರಿಗೆ!”

ಆಮೇಲೆ ನಕ್ಕಳು ನೋಡಿ! ತಿಂಗಳುಗಟ್ಟಲೆ ಕೇಳದ ನಗು. ಉಸಿರು ಕಟ್ಟಿ, ಕೆಮ್ಮಿ, ಮತ್ತೆ ನಕ್ಕಳು. ಬೆಳಕು ಗೋಡೆಗೆ ಬಡಿದಾಗಲೆಲ್ಲ ಗೋಡೆ ಬಿಸಿಯಾಗುತ್ತದೆ, ಆ ಬಿಸಿಗೆ ಹೋಗಲು ದಾರಿ ಇಲ್ಲದಿದ್ದರೆ ಲೇಸರ್ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ, ಹೊತ್ತಿಸುವುದು ಯಾರಿಗೂ ಬರುತ್ತದೆ, ಉಳಿಸಿಕೊಳ್ಳುವುದೇ ಕಷ್ಟ ಎಂದು ವಿವರಿಸಿದಳು. ಕಾಲೇಜು ಸೇರಿದ ಮೇಲೆ ನನ್ನನ್ನು ‘ನೀವು’ ಅನ್ನತೊಡಗಿದ್ದವಳು ಆವತ್ತು, “ಥೂ ಅಪ್ಪಾ, ನೀನೊಬ್ಬ!” ಎಂದಳು. ಬಹುಮಾನ ಬಂದವನ ಹಾಗೆ ಬೀಗಿದೆ. ಇಪ್ಪತ್ತೆರಡು ನಿಮಿಷ!

ನನಗೆ ಜ್ಞಾನೋದಯವಾದದ್ದು ಆಗಲೇ. ಬಾಳಿಕೆ ಬರುವ ಲೇಸರನ್ನು ನಾನೇ ಕಟ್ಟುತ್ತೇನೆ ಎಂದು ಘೋಷಿಸಿದೆ.

ಘೋಷಿಸಿದ್ದು ಸುಲಭ. ಕಟ್ಟಲು ಕೂತಾಗ ನನ್ನ ಕಸುಬೇ ನನಗೆ ಶತ್ರುವಾಯಿತು. ಬೆಳಕು ಅಂದ ಮೇಲೆ ಗಾಜು ಅಲ್ಲವೇ? ಗೋಡೆಯೂ ಗಾಜು, ಕಿಂಡಿಯೂ ಗಾಜು, ಕಿಂಡಿಯ ಮುಂದೆ ಶೋಭೆಗೊಂದು ಗಾಜು. ಸಂಜೆ ಫೈಲು ಕಳಿಸಿದೆ. ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು. ಫೋನು ಬಂತು.

“ಅಪ್ಪಾ, ಬರೀ ಗಾಜು ಹಾಕಿದೀಯಲ್ಲ!”

“ಒಳ್ಳೇ ಗಾಜಮ್ಮಾ.”

“ಒಳ್ಳೇದು ಕೆಟ್ಟದ್ದು ಅಂತೆಲ್ಲ ಇಲ್ಲಿ ಇಲ್ಲ ಅಪ್ಪಾ. ಬಿಸಿಯಾದ್ರೆ ಕರಗುತ್ತೆ. ವಜ್ರ ಹಾಕು, ಅದು ಏನೇ ಆದ್ರೂ ಕರಗಲ್ಲ.”

“ವಜ್ರದಲ್ಲಿ ಯಾರಾದ್ರೂ ಕನ್ನಡಕ ಮಾಡ್ತಾರಾ?”

“ನೀನು ಕನ್ನಡಕ ಮಾಡ್ತಿಲ್ಲಪ್ಪಾ!”

ಇಪ್ಪತ್ತಾರು ನಿಮಿಷ. ಮರುದಿನ ಗಾಜನ್ನು ತಂಪಾಗಿಡಲು ಸುತ್ತಲೂ ನೀರು ನಿಲ್ಲಿಸಿದೆ. ನೀರು ಕುದಿದು ಆವಿಯಾಗಿ ಇಡೀ ಸ್ಥಾವರ ಢಮಾರ್ ಎಂದಿತು. ಮೂವತ್ತೊಂದು ನಿಮಿಷ. ನೀರಿನ ಬದಲು ಮಂಜುಗಡ್ಡೆ ಇಟ್ಟೆ. ಮಂಜುಗಡ್ಡೆ ಕರಗಿ ನೀರಾಗಿ, ನೀರು ಆವಿಯಾಗಿ, ಅದೇ ಢಮಾರು ಸ್ವಲ್ಪ ತಡವಾಗಿ ಆಯಿತು. ಮೂವತ್ತೇಳು ನಿಮಿಷ! ಕೆಡುವ ರೀತಿ ಎಷ್ಟು ವಿಚಿತ್ರವೋ ಮಾತು ಅಷ್ಟು ಉದ್ದ. ಇತ್ತ ಲೌಕಿಕ ವ್ಯವಹಾರಗಳೂ ನನ್ನ ಸಂಶೋಧನೆಗೆ ಆಹುತಿಯಾದವು. ಒಲೆಯ ಮೇಲಿನ ಹಾಲು ಮೂರು ದಿನ ಸಾಲಾಗಿ ಉಕ್ಕಿತು. ಪೋಸ್ಟ್‌ಮ್ಯಾನ್ ಕನ್ನಡಕಕ್ಕೆ ಎಡದ ಗಾಜನ್ನು ಬಲಕ್ಕೆ ಕೂರಿಸಿ ಕೊಟ್ಟುಬಿಟ್ಟೆ. ಆತ ಎರಡು ದಿನ ನಮ್ಮ ಬೀದಿಯ ಕಾಗದವನ್ನೆಲ್ಲ ಎದುರು ಬೀದಿಗೆ ಹಾಕಿ, ಮೂರನೇ ದಿನ ನನ್ನನ್ನು ಹುಡುಕಿಕೊಂಡು ಬಂದ. ಪಕ್ಕದ ಔಷಧಿ ಅಂಗಡಿಗೆ ನುಗ್ಗಿ ಅಲ್ಲಿಯವರನ್ನು ಬಯ್ಯುತ್ತಿದ್ದುದರಿಂದ ನಾನು ಬಚಾವಾದೆ.

ಈ ನಡುವೆ ಮನೆಯಲ್ಲಿ ಇನ್ನೊಂದು ಗೋಡೆ ಬಿಸಿಯಾಗುತ್ತಿದ್ದದ್ದು ನನ್ನ ಗಮನಕ್ಕೆ ಬರಲಿಲ್ಲ.

“ಅಲ್ಲಾ ರೀ, ಅರ್ಧರ್ಧ ಗಂಟೆ ಅವಳು ನಿಮ್ಮ ಹತ್ರ ಏನು ಮಾತಾಡ್ತಾಳೆ?” ಎಂದಳು ಹೆಂಡತಿ.

“ಶಾಖದ ವಿಷಯ ಕಣೇ.”

“ನಾನು ಅಲ್ಲಿ ಸೆಖೆ ಹೇಗಿದೆಯೇ ಅಂತ ಕೇಳಿದ್ರೆ ‘ಹ್ಞೂಂ’ ಅಂತಾಳೆ. ನಿಮ್ಮ ಹತ್ರ ಶಾಖದ ವಿಷಯ ಮೂವತ್ತೇಳು ನಿಮಿಷವಾ?”

“ನೀನು ಸರಿಯಾದ ಪ್ರಶ್ನೆ ಕೇಳ್ಬೇಕು.”

“ಒಂಬತ್ತು ತಿಂಗಳು ಹೊತ್ತಿದ್ದು ಸಾಲದು ಅಂತ ಇನ್ನು ಪ್ರಶ್ನೆಪತ್ರಿಕೆ ಬೇರೆ ತಯಾರು ಮಾಡ್ಬೇಕಾ ನಾನು?” ಎಂದು ಮುಖ ಊದಿಸಿಕೊಂಡು ಹೋದಳು. ಗೆದ್ದೆ ಅಂದುಕೊಂಡೆ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ.

ಕೊನೆಗೊಂದು ದಿನ ಹಟ ಬಿಟ್ಟು ವಜ್ರ ಹಾಕಿದೆ. ವಜ್ರ ಕರಗಲಿಲ್ಲ, ಆದರೆ ಅದಕ್ಕೆ ಅಂಟಿಕೊಂಡಂತೆ ಹೊರಗೆ ಕಟ್ಟಿದ್ದ ಕಬ್ಬಿಣದ ಕವಚ ಕರಗಿತು. “ಎರಡರ ಮಧ್ಯೆ ಒಂದು ಚುಕ್ಕಿ ಜಾಗ ಖಾಲಿ ಬಿಡು ಅಪ್ಪಾ, ಖಾಲಿ ಜಾಗ ದಾಟಿ ಬಿಸಿ ಹೋಗಲ್ಲ” ಎಂದಳು ಮಗಳು. ಬಿಟ್ಟೆ. ಓಡಿಸಿದೆ. ನಾಲ್ಕು ಸೆಕೆಂಡಾಯಿತು, ಒಂದು ನಿಮಿಷವಾಯಿತು. ಅಂಗಡಿಗೆ ಹೋಗಿ ನಾಲ್ಕು ಜನರ ಕಣ್ಣು ಪರೀಕ್ಷೆ ಮಾಡಿ ಮೂರು ಗಂಟೆ ಬಿಟ್ಟು ಬಂದು ನೋಡಿದರೆ, ಹಸಿರು ಗೆರೆ ಹಾಗೇ ನಿಂತಿದೆ! ಕಂಪಿಸಿಲ್ಲ, ಮಂಕಾಗಿಲ್ಲ. ನಾನು ಕುಣಿದುಬಿಟ್ಟೆ. ಹೆಂಡತಿ ಬಂದು ನೋಡಿ, “ಸರಿ, ಮುಗೀತಲ್ಲ, ಇನ್ನು ಹಾಲು ನೋಡ್ಕೊಳ್ಳಿ” ಎಂದಳು. ಅದಕ್ಕೆ ‘ಅಪ್ಪ’ ಎಂದೇ ಹೆಸರಿಟ್ಟು ಮಗಳಿಗೆ ಕಳಿಸಿದೆ.

ಆರೂವರೆಗೆ ಫೋನು ಬಂತು. “ವಾವ್ ಅಪ್ಪಾ. ಎಲ್ಲೂ ತಪ್ಪಿಲ್ಲ. ನೀವು ಕಲ್ತುಬಿಟ್ರಿ!” ಎಂದಳು. ನಾನು ಇನ್ನೇನಾದರೂ ಹೇಳುತ್ತಾಳೆಂದು ಕಾದೆ. ಅವಳೂ ಕಾದಳು. ತಪ್ಪೇ ಇಲ್ಲದ ಮೇಲೆ ಹೇಳುವುದೇನಿದೆ?

“ಊಟ ಆಯ್ತೇನಮ್ಮಾ?” ಎಂದೆ.

“ಇನ್ನೂ ಆರೂವರೆ ಅಪ್ಪಾ.”

ಮೂವತ್ತೆಂಟು ಸೆಕೆಂಡು. ಮರುದಿನವೂ ಅಷ್ಟೇ. ಅದರ ಮರುದಿನ ಮೂವತ್ತೈದು. ಮೇಜಿನ ಮೇಲೆ ಲೇಸರ್ ಮಾತ್ರ ಹಗಲಿಡೀ ಉರಿಯುತ್ತಿತ್ತು, ನನ್ನನ್ನು ಅಣಕಿಸುವ ಹಾಗೆ. ಕೈಯಾರೆ ಮಗಳ ಬಾಯಿ ಮುಚ್ಚಿಸಿದ ಮಹಾನುಭಾವ ನಾನು. ಅವಳ ಮಾತು ಬೇಕಿತ್ತು ನನಗೆ. ಲೇಸರ್ ಕಟ್ಟಿಕೊಂಡು ನನಗೇನಾಗಬೇಕು?

ಹತ್ತನೇ ದಿನ ಧೈರ್ಯ ಮಾಡಿ ವಂಚನೆಗಿಳಿದೆ. ಲೇಸರಿನ ಇನ್ನೊಂದು ಪ್ರತಿ ಮಾಡಿ, ಒಳ್ಳೆಯ ವಜ್ರವನ್ನು ಕಿತ್ತು ಗಾಜು ಕೂರಿಸಿ, ಚೆನ್ನಾಗಿ ಸುಟ್ಟು, ಮಗಳಿಗೆ ಕಳಿಸಿ, ಶೋಕದ ಧ್ವನಿಯಲ್ಲಿ ಫೋನು ಮಾಡಿದೆ. “ಮಗಳೇ, ಕೆಟ್ಟುಹೋಯ್ತು ಕಣಮ್ಮಾ. ಏನಾಯ್ತೋ ಗೊತ್ತಿಲ್ಲ.”

“ಯಾರೋ ವಜ್ರ ತೆಗೆದು ಗಾಜು ಹಾಕಿದಾರೆ ಅಪ್ಪಾ.”

“ಹೌದಾ? ಯಾರಿರಬಹುದು?”

“‘ಅಪ್ಪ’ ಅನ್ನೋ ಫೈಲು ಹಾಗೇ ಇದೆಯಲ್ಲ, ಅದನ್ನೇ ತೆಗೀರಿ. ಅದು ಸರಿ ಇದೆ. ಇಡ್ಲಾ?”

ನಲವತ್ತೊಂದು ಸೆಕೆಂಡು. ಅಪರಾಧ ಮಾಡಿ ಗಳಿಸಿದ್ದು ಬರೀ ಮೂರು ಸೆಕೆಂಡು. ಆವತ್ತಿನಿಂದ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಫೋನನ್ನೂ ಹೆಂಡತಿಗೇ ಬಿಟ್ಟೆ. ಸಂಜೆಯ ಹೊತ್ತು ಅಂಗಡಿಯಲ್ಲೇ ಕೂತು, ಒರೆಸಿದ ಗಾಜನ್ನೇ ಒರೆಸುತ್ತಿದ್ದೆ.

ನಾಲ್ಕು ದಿನ ಕಳೆದಿರಬೇಕು. ಗಿರಾಕಿ ಯಾರೂ ಇರಲಿಲ್ಲ. ಏಳೂವರೆಗೆ ಮೇಲೆ ಬಂದರೆ, ಮಗಳ ಕೋಣೆಯಿಂದ ನಗು. ಒಂದಲ್ಲ, ಎರಡು ನಗು! ಬಾಗಿಲ ಹತ್ತಿರ ಹೋಗಿ ಇಣುಕಿದೆ. ನನ್ನ ಧರ್ಮಪತ್ನಿ ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾಳೆ. ಫೋನು ಸ್ಪೀಕರಿನಲ್ಲಿದೆ. ಪರದೆಯ ಮೇಲೆ ‘ಅಮ್ಮ’ ಎಂದು ಹೆಸರಿಟ್ಟ ಒಂದು ಲೇಸರ್, ಅದರ ತುಂಬ ಮರ! ಗೋಡೆ ಮರ, ಕಿಂಡಿ ಮರ, ಬೆಳಕಿನ ದಾರಿಯ ಎರಡೂ ಬದಿಗೆ ಸಾಲು ಮರ. ಅದು ಹೊಗೆಯಾಡುತ್ತಿದೆ.

“ಮತ್ತೆ ಹತ್ಕೊಳ್ತು ಕಣೇ!” ಎಂದು ಇವಳು.

“ಎಷ್ಟು ಸೆಕೆಂಡು ಬಂತಮ್ಮಾ?” ಎಂದು ಫೋನು.

“ಎರಡು!”

“ನಿನ್ನೆಗಿಂತ ಕಮ್ಮಿ! ಭೇಷ್!” ಇಬ್ಬರೂ ಮತ್ತೆ ನಕ್ಕರು. ಮೇಜಿನ ಮೇಲಿದ್ದ ಫೋನಿನ ಮೇಲೆ ಕಣ್ಣು ಹೋಯಿತು. ಐವತ್ಮೂರು ನಿಮಿಷ!

ಈಗ ನನ್ನ ತಪ್ಪನ್ನು ಮುಚ್ಚಿಡದೆ ಹೇಳುತ್ತೇನೆ. ಹೊಟ್ಟೆಕಿಚ್ಚೋ, ಮಗಳ ಕೈಯಲ್ಲಿ ಇನ್ನೊಂದು ‘ಭೇಷ್’ ಅನ್ನಿಸಿಕೊಳ್ಳುವ ಆಸೆಯೋ, ಒಳಗೆ ನುಗ್ಗಿ, “ಸರಿ ಸರಿ, ಮರ ಯಾರಾದ್ರೂ ಹಾಕ್ತಾರಾ? ಕೊಡು ಇಲ್ಲಿ” ಎಂದು ಮೌಸು ಕಿತ್ತುಕೊಂಡೆ. “ರೀ, ಬೇಡ, ಮುಟ್ಟಬೇಡಿ” ಎಂದಳು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮರ ಅಳಿಸಿ, ವಜ್ರ ಹಾಕಿ, ಒಂದು ಚುಕ್ಕಿ ಜಾಗ ಬಿಟ್ಟು ಎರಡೇ ನಿಮಿಷದಲ್ಲಿ ಓಡಿಸಿದೆ. ಹಸಿರು ಗೆರೆ ಕಣ್ಣು ಕುಕ್ಕುವ ಹಾಗೆ ನಿಂತಿತು.

“ನೋಡು ಮಗಳೇ, ನಿಮ್ಮಮ್ಮನ ಲೇಸರನ್ನೂ ಸರಿ ಮಾಡ್ದೆ!” ಎಂದು ಎದೆಯುಬ್ಬಿಸಿದೆ.

ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಆರುನೂರು ಮಕ್ಕಳಿರಲಿ, ಅವರ ಅಪ್ಪಂದಿರೂ ಸಾಲಾಗಿ ನಿಲ್ಲಬೇಕು.

“ಓ,” ಎಂದಳು ಮಗಳು. “ಸರಿ ಹೋಯ್ತಾ?” ಧ್ವನಿ ಸಣ್ಣಗಾಗಿತ್ತು.

“ಹೋಯ್ತಮ್ಮಾ. ಇನ್ನು ಜನ್ಮದಲ್ಲಿ ಕೆಡಲ್ಲ.”

“ಅಪ್ಪಾ... ಮರ ಹಾಕು ಅಂತ ಅಮ್ಮಂಗೆ ಹೇಳಿದ್ದೇ ನಾನು.”

“ಯಾಕಮ್ಮಾ? ಮರ ಉರಿಯುತ್ತೆ ಅಂತ ನಿನಗೆ ಗೊತ್ತಿಲ್ವಾ?”

“ಗೊತ್ತು.” ಮೂಗು ಎಳೆದುಕೊಂಡಳು. “ಕೆಲಸ ಮುಗಿಸಿ ರೂಮಿಗೆ ಬಂದ್ರೆ ಇಲ್ಲಿ ಯಾರೂ ಇರಲ್ಲ ಅಪ್ಪಾ. ನೀವು ‘ಹೇಗಿದೀಯಾ’ ಅಂತ ಕೇಳಿದ ಕೂಡ್ಲೇ ನಂಗೆ ಅಳು ಬರುತ್ತೆ. ಅತ್ರೆ ಅಮ್ಮ ರೈಲು ಹತ್ತಿ ಬಂದುಬಿಡ್ತಾಳೆ. ಅದಕ್ಕೆ ಇಟ್ಬಿಡ್ತೀನಿ. ಲೇಸರ್ ವಿಷಯ ಆದ್ರೆ ಎಷ್ಟು ಹೊತ್ತಾದ್ರೂ ಮಾತಾಡ್ಬಹುದು, ಅಳು ಬರಲ್ಲ. ನೀವು ಬೇಗ ಕಲ್ತುಬಿಟ್ರಿ. ಅಮ್ಮನಿಗಾದ್ರೂ ಬರದೇ ಇರಲಿ ಅಂತ...”

ಅವಳಿಗೆ ಹೇಳಲು ಎಷ್ಟೋ ಇತ್ತು. ನೀನಿಲ್ಲದೆ ಈ ಮನೆ ಬಿಕೋ ಅನ್ನುತ್ತದೆ ಮಗಳೇ, ನಲ್ಲಿ ಸೋರದಿದ್ದರೂ ಬಚ್ಚಲಿನ ಮುಂದೆ ಹೋಗಿ ನಿಲ್ಲುತ್ತೇನೆ ಅನ್ನಬೇಕಿತ್ತು. ಬಾಯಿಂದ ಬಂದದ್ದು, “ಈಗ ಏನು ಮಾಡೋಣ?” ಎಂಬುದೊಂದೇ.

“ಏನು ಮಾಡೋದು ಅಂದ್ರೆ?” ಎಂದಳು ಹೆಂಡತಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. “ಮರ ಹಾಕ್ರೀ! ಬೇಗ! ಅವಳು ಇಡೋದ್ರೊಳಗೆ!”

ಕನ್ನಡಕ ಮಂಜಾಗಿತ್ತು. (ಕಾರಣ ಕೇಳಬೇಡಿ.) ತೆಗೆದು ಮೇಜಿನ ಮೇಲಿಟ್ಟು, ಹಳೆಯ ಮರದ ಫೈಲು ಸಿಗುತ್ತದೇನೋ ಎಂದು ಪಟ್ಟಿ ತೆರೆದು, ಅಂದಾಜಿನ ಮೇಲೆ ‘ಅಮ್ಮ’ ಅನ್ನಿಸಿದ್ದನ್ನು ಒತ್ತಿದೆ. ಅಲ್ಲೂ ಲೇಸರ್ ಸರಿಯಾಗೇ ಉರಿಯುತ್ತಿತ್ತು. ಹಿಂದುಮುಂದು ನೋಡದೆ ಮರ ಸುರಿದೆ. ಕಿಂಡಿಗೆ ಮರ ತುರುಕಿದೆ, ನಡುವೆ ಬಿಟ್ಟಿದ್ದ ಒಂದು ಚುಕ್ಕಿ ಜಾಗಕ್ಕೂ ಮರ ತುಂಬಿದೆ. ಓಡಿಸಿದೆ. ಮರ ಹತ್ತಿಕೊಂಡಿತು, ಕಬ್ಬಿಣದ ಕವಚ ಕರಗಿ ಇಳಿಯಿತು, ಒಂದೊಂದಾಗಿ ಎಲ್ಲ ಕುಸಿಯಿತು. ಮತ್ತೆ ಸರಿಗಿರಿ ಹೋದೀತೆಂದು ಅದನ್ನೇ ಉಳಿಸು ಎಂದು ಒತ್ತಿಯೂ ಬಿಟ್ಟೆ.

“ಹೊತ್ತಿತು ಮಗಳೇ, ಹೊತ್ತಿತು!” ಎಂದು ಕೂಗಿದೆ.

“ರೀ,” ಎಂದಳು ಹೆಂಡತಿ ಮೆಲ್ಲಗೆ, ಪರದೆಗೆ ಬಗ್ಗಿ. “ಇದು ನನ್ನದಲ್ಲ. ‘ಅಪ್ಪ’ ಅಂತ ಇದೆ.”

ಕನ್ನಡಕ ಹಾಕಿಕೊಂಡು ನೋಡಿದೆ. ಹೌದು. ಗಾಜು, ನೀರು, ಮಂಜುಗಡ್ಡೆ ಎಲ್ಲ ದಾಟಿ ಕಟ್ಟಿದ ನನ್ನ ಲೇಸರ್. ಮೂರು ಗಂಟೆ ಕದಲದೆ ನಿಂತದ್ದು. ಬೂದಿ.

“ಏನಾಯ್ತಮ್ಮಾ?” ಎಂದು ಫೋನು ಕೇಳಿತು.

“ನಿಮ್ಮಪ್ಪ ತಮ್ಮದನ್ನೇ ಸುಟ್ಕೊಂಡ್ರು ಕಣೇ!”

ಆ ಕಡೆಯಿಂದ ಮೊದಲು ಒಂದು ಕಿಸಕ್ಕು. ಆಮೇಲೆ ತಡೆಯಲಾರದೆ ನಗು. ನಕ್ಕು ನಕ್ಕು, ನಡುವೆ ಒಂದಿಷ್ಟು ಅತ್ತು, ಮತ್ತೆ ನಕ್ಕಳು. ಅಳುತ್ತಿದ್ದರೂ ಈ ಸಲ ಫೋನು ಇಡಲಿಲ್ಲ.

“ಅಪ್ಪಾ, ನೀನು ಕಳಿಸಿದ್ದು ನನ್ನ ಹತ್ರ ಇದೆ,” ಎಂದಳು.

“ಅಬ್ಬಾ! ಬದುಕಿದೆ. ಕಳಿಸಮ್ಮಾ.”

“ಕಳಿಸಲ್ಲ. ಮೊದಲಿಂದ ಕಟ್ಟು.”